ಖಾಯಂ ನಿವಾಸಿ ಹಕ್ಕಿನೊಡನೆ ಅಮೆರಿಕದಲ್ಲಿ ನೆಲೆಸಿದ ವಿವಾಹಿತರು: ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಹೊಣೆ

ತುಮಕೂರು ನಗರದ ಮರಳೂರು ಮತ್ತು ಸುತ್ತಲಿನ ಬಡಾವಣೆಗಳಿಂದ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಿಂದ ವಿವಾಹಾನಂತರ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳುವವರು ಪತಿ ಅಥವಾ ಪತ್ನಿಯ ಮೂಲಕ ಅಲ್ಲಿನ ಖಾಯಂ ನಿವಾಸಿ ಹಕ್ಕನ್ನು, ಅಂದರೆ ಗ್ರೀನ್ ಕಾರ್ಡನ್ನು ಪಡೆಯುತ್ತಾರೆ. ಊರಿನಲ್ಲಿ ಅವರ ಹೆಸರಿನಲ್ಲಿ ಒಂದು ಬಾಡಿಗೆ ಮನೆ, ತಂದೆಯೊಡನೆ ಜಂಟಿಯಾಗಿರುವ ಬ್ಯಾಂಕ್ ಠೇವಣಿ, ತೆಂಗಿನ ತೋಟದಲ್ಲಿ ಒಂದು ಪಾಲು ಉಳಿದುಕೊಂಡಿರುವುದು ಸಾಮಾನ್ಯ. ತೆರಿಗೆಯ ವಿಷಯವನ್ನು ಮನೆಯ ಯಜಮಾನರು ನೋಡಿಕೊಳ್ಳುತ್ತಾರೆಂಬ ಭಾವನೆಯೂ ಅಷ್ಟೇ ಸಾಮಾನ್ಯ. ಆದರೆ ಎರಡೂ ದೇಶಗಳ ಕಾನೂನಿನಲ್ಲಿ ಈ ಹೊಣೆಯು ಆಯಾ ವ್ಯಕ್ತಿಯದೇ ಆಗಿದ್ದು, ವಿವಾಹದಿಂದ ಅದು ಮತ್ತೊಬ್ಬರಿಗೆ ವರ್ಗಾವಣೆಯಾಗುವುದಿಲ್ಲ. ವೀಸಾದ ಅರ್ಜಿ ಪತಿಯ ಹೆಸರಿನ ಆಧಾರದ ಮೇಲೆ ನಡೆದಿರಬಹುದು. ತೆರಿಗೆಯ ಕಾಗದದ ಮೇಲಿನ ಸಹಿ ಮಾತ್ರ ಪತ್ನಿಯದೇ.

ಈ ಪುಟದಲ್ಲಿ ಮುಖ್ಯವಾಗಿ ಅಮೆರಿಕಕ್ಕೆ ತೆರಳಿದವರ ವಿಷಯವನ್ನು ವಿವರಿಸಲಾಗಿದೆ. ಪತ್ನಿಗೆ ಹೇಳಿದ ನಿಯಮಗಳು ಪತ್ನಿಯ ಮೂಲಕ ಗ್ರೀನ್ ಕಾರ್ಡ್ ಪಡೆದ ಪತಿಗೂ ಸಮಾನವಾಗಿ ಅನ್ವಯಿಸುತ್ತವೆ.

ದೇಶ ಬಿಟ್ಟ ವರ್ಷದ ಲೆಕ್ಕ

ಭಾರತದ ಆದಾಯ ತೆರಿಗೆಯಲ್ಲಿ ಒಬ್ಬ ವ್ಯಕ್ತಿಯು ನಿವಾಸಿಯೇ ಅನಿವಾಸಿಯೇ ಎಂಬುದು ಪೌರತ್ವದಿಂದಾಗಲೀ ವೀಸಾದಿಂದಾಗಲೀ ನಿರ್ಧಾರವಾಗುವುದಿಲ್ಲ. ದೇಶದೊಳಗೆ ಕಳೆದ ದಿನಗಳ ಲೆಕ್ಕದಿಂದ ನಿರ್ಧಾರವಾಗುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಭಾರತದಲ್ಲಿದ್ದವರು ನಿವಾಸಿಗಳು. ಆ ವರ್ಷದಲ್ಲಿ 60 ದಿನ ಹಾಗೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದವರೂ ನಿವಾಸಿಗಳೇ. 1961ರ ಆದಾಯ ತೆರಿಗೆ ಕಾಯ್ದೆಯ 6ನೇ ಪ್ರಕರಣದಲ್ಲಿದ್ದ ಈ ಅಳತೆಗೋಲುಗಳನ್ನು, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿಸಲಾಗಿದೆ. 2026ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಮತ್ತು ಅದಕ್ಕೂ ಹಿಂದಿನ ವರ್ಷಗಳ ಲೆಕ್ಕವು ಹಳೆಯ ಕಾಯ್ದೆಯಂತೆಯೇ ನಡೆಯುತ್ತದೆ.

ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪೌರರಿಗೆ, ಅವರು ಹೊರಟ ವರ್ಷದಲ್ಲಿ, ಮೇಲ್ಕಂಡ 60 ದಿನಗಳ ಬದಲಿಗೆ 182 ದಿನಗಳ ರಿಯಾಯಿತಿ ಇದೆ. ವಿವಾಹವಾಗಿ ಪತಿಯ ಮನೆ ಸೇರಲು ಹೊರಡುವವರು ಉದ್ಯೋಗಕ್ಕೆ ಹೊರಟವರಲ್ಲ. ಆದ್ದರಿಂದ ಈ ರಿಯಾಯಿತಿ ಅವರಿಗೆ ದೊರೆಯುವುದಿಲ್ಲ. ಈ ಒಂದು ಅಂಶವು ಬಹುತೇಕ ಕುಟುಂಬಗಳ ಗಮನಕ್ಕೆ ಬರುವುದೇ ಇಲ್ಲ.

ಉದಾಹರಣೆಗೆ, ಹುಟ್ಟಿದಂದಿನಿಂದ ಮರಳೂರಿನಲ್ಲಿಯೇ ಇದ್ದ ವಧುವೊಬ್ಬರು ಜೂನ್ 10ರಂದು ವಿಮಾನ ಹತ್ತಿದರೆಂದು ಭಾವಿಸಬಹುದು. ಏಪ್ರಿಲ್‌ನ 30, ಮೇ ತಿಂಗಳ 31, ಜೂನ್‌ನ 10 ಸೇರಿ ಆಕೆ ಭಾರತದಲ್ಲಿದ್ದುದು 71 ದಿನ. ಹಿಂದಿನ ನಾಲ್ಕು ವರ್ಷಗಳಂತೂ ಪೂರ್ತಿ ಇಲ್ಲಿಯೇ ಕಳೆದಿವೆ. ಹೀಗಾಗಿ ಆ ಇಡೀ ವರ್ಷಕ್ಕೆ ಆಕೆ ಭಾರತದ ನಿವಾಸಿ. ಭಾರತದಲ್ಲಿ ವರ್ಷವನ್ನು ಒಡೆದು ಅರ್ಧಕ್ಕೆ ನಿವಾಸಿ, ಅರ್ಧಕ್ಕೆ ಅನಿವಾಸಿ ಎನ್ನುವ ಪದ್ಧತಿ ಇಲ್ಲ. ಆಕೆಗೆ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಕೆಲಸ ಸಿಕ್ಕಿದ್ದರೆ ಮುಂದಿನ ಮಾರ್ಚ್‌ವರೆಗಿನ ಆ ಸಂಬಳವೂ ಭಾರತದ ರಿಟರ್ನ್‌ನಲ್ಲಿ ಬರಬೇಕು. ಅಲ್ಲಿ ತೆರೆದ ಬ್ಯಾಂಕ್ ಖಾತೆಯನ್ನು ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ನಮೂದಿಸಬೇಕು. ಇದೇ ವಧು ಮೇ ತಿಂಗಳ ಎರಡನೇ ವಾರದಲ್ಲಿ ಹೊರಟಿದ್ದರೆ 60 ದಿನ ತುಂಬುತ್ತಿರಲಿಲ್ಲ, ಆ ವರ್ಷ ಅನಿವಾಸಿಯಾಗುತ್ತಿದ್ದರು. ಮದುವೆಯ ಮುಹೂರ್ತವನ್ನು ತೆರಿಗೆಗಾಗಿ ಯಾರೂ ಹಿಂದುಮುಂದು ಮಾಡುವುದಿಲ್ಲವಾದರೂ, ಪ್ರಯಾಣದ ದಿನಾಂಕದ ಪರಿಣಾಮವನ್ನು ತಿಳಿದಿರುವುದು ಒಳ್ಳೆಯದು. ಎರಡೂ ದೇಶಗಳು ಒಂದೇ ಅವಧಿಗೆ ನಿವಾಸಿಯೆಂದು ಪರಿಗಣಿಸಿದಾಗ 1989ರ ಸೆಪ್ಟೆಂಬರ್ 12ರಂದು ಸಹಿಯಾದ ಭಾರತ–ಅಮೆರಿಕ ಎರಡುಪಟ್ಟು ತೆರಿಗೆ ನಿವಾರಣಾ ಒಪ್ಪಂದದ 4ನೇ ಅನುಚ್ಛೇದವು ಖಾಯಂ ಮನೆ, ಜೀವನದ ಮುಖ್ಯ ಸಂಬಂಧಗಳು, ವಾಡಿಕೆಯ ವಾಸ, ಪೌರತ್ವ ಎಂಬ ಕ್ರಮದಲ್ಲಿ ಪ್ರಶ್ನೆಯನ್ನು ಬಗೆಹರಿಸುತ್ತದೆ.

ನಂತರದ ವರ್ಷಗಳಲ್ಲಿ ಹಬ್ಬಕ್ಕೋ ಹೆರಿಗೆಗೋ ಊರಿಗೆ ಬಂದುಹೋಗುವ ಭಾರತೀಯ ಪೌರರಿಗೆ 60 ದಿನಗಳ ಬದಲು 182 ದಿನಗಳ ಮಿತಿ ಅನ್ವಯಿಸುತ್ತದೆ. ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯವು 15 ಲಕ್ಷ ರೂಪಾಯಿ ಮೀರಿದವರಿಗೆ 2020ರ ಹಣಕಾಸು ಕಾಯ್ದೆಯ ನಂತರ ಈ ಮಿತಿ 120 ದಿನ. ಪಾಸ್‌ಪೋರ್ಟ್‌ನಲ್ಲಿನ ಆಗಮನ, ನಿರ್ಗಮನದ ಮುದ್ರೆಗಳೇ ಇದಕ್ಕೆ ಸಾಕ್ಷಿಯಾಗಿರುವುದರಿಂದ ಹಳೆಯ ಪಾಸ್‌ಪೋರ್ಟನ್ನು ಎಸೆಯಬಾರದು.

ಮರಳೂರಿನ ಮನೆಯ ಬಾಡಿಗೆ

ಅನಿವಾಸಿಯಾದ ನಂತರ ಭಾರತದಲ್ಲಿ ಉಂಟಾಗುವ ಆದಾಯಕ್ಕೆ ಮಾತ್ರ ಭಾರತದಲ್ಲಿ ತೆರಿಗೆ. ಅದರಲ್ಲಿ ಮೊದಲನೆಯದು ಬಾಡಿಗೆ. ಮನೆಯ ಮಾಲೀಕರು ಅನಿವಾಸಿಯಾಗಿದ್ದಲ್ಲಿ ಬಾಡಿಗೆದಾರರು ಪ್ರತಿ ಬಾಡಿಗೆಯಿಂದ ಶೇ. 30 ಮತ್ತು ಅದರ ಮೇಲಿನ ಶೇ. 4 ಉಪಕರ ಸೇರಿ ಶೇ. 31.2ರಷ್ಟನ್ನು ಮೂಲದಲ್ಲಿಯೇ ಕಡಿತಗೊಳಿಸಿ (ಟಿ.ಡಿ.ಎಸ್.) ಸರ್ಕಾರಕ್ಕೆ ಪಾವತಿಸತಕ್ಕದ್ದು. ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಇದಕ್ಕೆ ಕನಿಷ್ಠ ಮಿತಿ ಇಲ್ಲ. ಬಾಡಿಗೆಯನ್ನು ಮಾಲೀಕರ ತಂದೆಯ ಕೈಗೆ ಕೊಟ್ಟರೂ ಈ ಕರ್ತವ್ಯ ತಪ್ಪುವುದಿಲ್ಲ. ಕಡಿತ ಮಾಡದ ಬಾಡಿಗೆದಾರರಿಂದಲೇ ಆ ಮೊತ್ತವನ್ನು ಬಡ್ಡಿಯೊಡನೆ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿರುವುದರಿಂದ, ಮಾಲೀಕರು ವಿದೇಶದಲ್ಲಿ ನೆಲೆಸಿದ ವಿಷಯವನ್ನು ಕರಾರು ಪತ್ರದಲ್ಲಿ ಬರೆಯುವುದು ಬಾಡಿಗೆದಾರರಿಗೆ ಮಾಡುವ ಉಪಕಾರವೇ ಸರಿ.

ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುವ ಮನೆಯನ್ನು ತೆಗೆದುಕೊಳ್ಳಬಹುದು. ವರ್ಷಕ್ಕೆ 3,00,000 ರೂಪಾಯಿ; ಕಡಿತವಾಗುವ ತೆರಿಗೆ 93,600 ರೂಪಾಯಿ. ಆದರೆ ಬಾಡಿಗೆಯಲ್ಲಿ ಶೇ. 30ರಷ್ಟನ್ನು ಕಳೆದ ನಂತರ ತೆರಿಗೆಗೆ ಒಳಪಡುವುದು 2,10,000 ರೂಪಾಯಿ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ ಮೊದಲ 4,00,000 ರೂಪಾಯಿಗೆ ತೆರಿಗೆ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಆಕೆಯ ನಿಜವಾದ ತೆರಿಗೆ ಶೂನ್ಯ. ಅಂದರೆ 93,600 ರೂಪಾಯಿಯೂ ಹಿಂದಿರುಗಿ ಬರಬೇಕಾದ ಹಣ, ರಿಟರ್ನ್ ಸಲ್ಲಿಸಿದರೆ ಮಾತ್ರ ಬರುವ ಹಣ. ಆದಾಯವು ಮಿತಿಯೊಳಗಿದೆಯೆಂದು ರಿಟರ್ನ್ ಬಿಡುವಂತೆಯೂ ಇಲ್ಲ. ವರ್ಷದಲ್ಲಿ 25,000 ರೂಪಾಯಿ ಅಥವಾ ಹೆಚ್ಚು ಟಿ.ಡಿ.ಎಸ್. ಆದವರು ರಿಟರ್ನ್ ಸಲ್ಲಿಸುವುದು 2022ರಿಂದ ಕಡ್ಡಾಯವಾಗಿದೆ.

ಈ ಹಣವನ್ನು ಕೇಳದೆ ಬಿಟ್ಟವರಿಗೆ ಅಮೆರಿಕದಲ್ಲಿ ಎರಡನೆಯ ನಷ್ಟವೂ ಇದೆ. ಅಲ್ಲಿ ಇದೇ ಬಾಡಿಗೆಯನ್ನು ತೋರಿಸುವಾಗ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯವಿದೆಯಾದರೂ, ಮರುಪಾವತಿ ಪಡೆಯಬಹುದಾಗಿದ್ದ ಮೊತ್ತವನ್ನು ಅಲ್ಲಿನ ಕಾನೂನು ತೆರಿಗೆಯೆಂದೇ ಒಪ್ಪುವುದಿಲ್ಲ. ಹಿಂದಿನ ವರ್ಷಗಳ ಮರುಪಾವತಿ ತಪ್ಪಿಹೋಗಿದ್ದಲ್ಲಿ, ನೇರ ತೆರಿಗೆಗಳ ಕೇಂದ್ರ ಮಂಡಳಿಯು 2024ರ ಅಕ್ಟೋಬರ್ 1ರಂದು ಹೊರಡಿಸಿದ ಸುತ್ತೋಲೆಯಂತೆ ಆಯಾ ನಿರ್ಧರಣಾ ವರ್ಷದ ಅಂತ್ಯದಿಂದ ಐದು ವರ್ಷಗಳೊಳಗೆ, ವಿಳಂಬಕ್ಕೆ ಸಕಾರಣ ನೀಡಿ ಮನ್ನಾ ಕೋರಿ ಅರ್ಜಿ ಸಲ್ಲಿಸಲು ಅವಕಾಶವಿದೆ.

ಪತಿಯು ಅಮೆರಿಕದಿಂದ ಹಣ ಕಳುಹಿಸಿ ಪತ್ನಿಯ ಹೆಸರಿನಲ್ಲಿ ಮನೆ ಕಟ್ಟಿಸಿದ್ದರೆ ಲೆಕ್ಕ ಬೇರೆಯಾಗುತ್ತದೆ. ಖಾತೆಯಲ್ಲಿ ಹೆಸರು ಪತ್ನಿಯದಿದ್ದರೂ, ಪ್ರತಿಫಲವಿಲ್ಲದೆ ಕೊಟ್ಟ ಹಣದಿಂದ ಹುಟ್ಟಿದ ಆದಾಯವನ್ನು ಕೊಟ್ಟವರ ಆದಾಯದೊಡನೆ ಸೇರಿಸುವ ನಿಯಮದಂತೆ ಬಾಡಿಗೆಯು ಭಾರತದಲ್ಲಿ ಪತಿಯ ಆದಾಯವಾಗುತ್ತದೆ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ಭಾರತದಲ್ಲಿ ಇಲ್ಲವೆಂಬುದನ್ನೂ ಇಲ್ಲಿ ನೆನಪಿಡಬೇಕು.

ಬ್ಯಾಂಕ್ ಖಾತೆ, ಠೇವಣಿ ಮತ್ತು ಪ್ಯಾನ್

ವಿದೇಶದಲ್ಲಿ ನೆಲೆಸಿದ ಕೂಡಲೇ ಹಳೆಯ ಉಳಿತಾಯ ಖಾತೆಯನ್ನು ಎನ್‌.ಆರ್‌.ಓ. ಖಾತೆಯನ್ನಾಗಿ ಪರಿವರ್ತಿಸುವಂತೆ ಬ್ಯಾಂಕಿಗೆ ತಿಳಿಸತಕ್ಕದ್ದು. ಇದು ವಿದೇಶಿ ವಿನಿಮಯ ಕಾನೂನಿನ ಅಗತ್ಯ. ಎನ್‌.ಆರ್‌.ಓ. ಠೇವಣಿಯ ಬಡ್ಡಿಯ ಮೇಲೂ ಶೇ. 30 ಮತ್ತು ಉಪಕರ ಕಡಿತವಾಗುತ್ತದೆ. ನಿವಾಸಿಗಳಿಗೆ ಇದು ಶೇ. 10. ಅಮೆರಿಕದ ತೆರಿಗೆ ಇಲಾಖೆಯಿಂದ ನಿವಾಸ ದೃಢೀಕರಣ ಪತ್ರ (ಫಾರಂ 6166) ತರಿಸಿ ಬ್ಯಾಂಕಿಗೆ ಕೊಟ್ಟಲ್ಲಿ ಒಪ್ಪಂದದಂತೆ ಇದನ್ನು ಶೇ. 15ಕ್ಕೆ ಇಳಿಸಬಹುದು. ಬಾಡಿಗೆಗೆ ಇಂತಹ ಇಳಿಕೆ ಇಲ್ಲ. ವಿದೇಶದಿಂದ ಕಳುಹಿಸಿದ ಹಣವನ್ನು ಇಡುವ ಎನ್‌.ಆರ್‌.ಇ. ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ವಿನಾಯಿತಿ ಇದೆ.

ನಿವಾಸಿಗಳಿಗೆ 12 ಲಕ್ಷ ರೂಪಾಯಿವರೆಗೆ ತೆರಿಗೆಯೇ ಇಲ್ಲವೆಂದು ಕೇಳಿದ ಅನೇಕರು ಅದೇ ತಮಗೂ ಅನ್ವಯಿಸುತ್ತದೆಂದು ನಂಬಿರುತ್ತಾರೆ. ಆ ಸೌಲಭ್ಯವು ರಿಯಾಯಿತಿಯ ರೂಪದಲ್ಲಿದ್ದು, ನಿವಾಸಿಗಳಿಗೆ ಮಾತ್ರ ಮೀಸಲು. ಎನ್‌.ಆರ್‌.ಓ. ಬಡ್ಡಿ 7,00,000 ರೂಪಾಯಿ ಇರುವ ಅನಿವಾಸಿಯು, ಒಪ್ಪಂದದ ದರವನ್ನು ಬಿಟ್ಟು ಸಾಮಾನ್ಯ ದರದಲ್ಲಿ ಲೆಕ್ಕ ಹಾಕಿದರೆ, ಹೊಸ ಪದ್ಧತಿಯಲ್ಲಿ ಉಪಕರ ಸೇರಿ 15,600 ರೂಪಾಯಿ ತೆರಿಗೆ ಕಟ್ಟಬೇಕು. ಅಷ್ಟೇ ಬಡ್ಡಿ ಪಡೆಯುವ ಊರಿನ ಅಣ್ಣನಿಗೆ ತೆರಿಗೆ ಇಲ್ಲ.

ಆದಾಯ ತೆರಿಗೆ ಜಾಲತಾಣದ ಖಾತೆಯಲ್ಲಿ ನಿವಾಸಿ ಎಂದಿರುವುದನ್ನು ಅನಿವಾಸಿ ಎಂದು ಬದಲಿಸಬೇಕು. ಅನಿವಾಸಿಗಳಿಗೆ ಪ್ಯಾನ್–ಆಧಾರ್ ಜೋಡಣೆಯಿಂದ ವಿನಾಯಿತಿ ಇದ್ದರೂ, ಈ ಬದಲಾವಣೆ ಮಾಡಿಸದಿದ್ದ ಕೆಲವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾದ ನಿದರ್ಶನಗಳಿವೆ. ಅನಿವಾಸಿಗಳ ಕಡತಗಳು ತುಮಕೂರಿನ ಕಚೇರಿಯಲ್ಲಿರದೆ ಬೆಂಗಳೂರಿನ ಅಂತರರಾಷ್ಟ್ರೀಯ ತೆರಿಗೆ ವಿಭಾಗದ ವ್ಯಾಪ್ತಿಗೆ ಬರುತ್ತವೆ. ಪ್ಯಾನ್‌ನ ವ್ಯಾಪ್ತಿಯನ್ನು ಅಲ್ಲಿಗೆ ವರ್ಗಾಯಿಸಿಕೊಂಡಲ್ಲಿ ಮುಂದಿನ ಕೆಲಸಗಳು ಸರಾಗವಾಗುತ್ತವೆ. ರಿಟರ್ನ್‌ಗೆ ನಿವಾಸಿಗಳು ಬಳಸುವ ಐ.ಟಿ.ಆರ್.–1 ಸಲ್ಲದು, ವ್ಯಾಪಾರದ ಆದಾಯ ಇಲ್ಲದವರಿಗೆ ಐ.ಟಿ.ಆರ್.–2. ಕೊನೆಯ ದಿನ ಜುಲೈ 31.

ಹೆಸರಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ನಮ್ಮ ಕಡೆ ಹೆಸರಿನ ಹಿಂದೆ ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ. ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು ಒಂದು, ಪ್ಯಾನ್‌ನಲ್ಲಿರುವುದು ಇನ್ನೊಂದು, ಮದುವೆಯ ನಂತರ ಪತಿಯ ಹೆಸರು ಸೇರಿಸಿಕೊಂಡದ್ದು ಮತ್ತೊಂದು. ಅಮೆರಿಕದ ರಿಟರ್ನ್‌ನಲ್ಲಿ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿರುವ ಹೆಸರೇ ಇರಬೇಕು. ಮೂರೂ ಬೇರೆಯಾದರೆ ಎರಡೂ ಕಡೆ ಮರುಪಾವತಿ ನಿಲ್ಲುತ್ತದೆ. ವಿವಾಹ ನೋಂದಣಿ ಪತ್ರದ ದೃಢೀಕೃತ ಪ್ರತಿಗಳನ್ನು ಹೊರಡುವ ಮೊದಲೇ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದಿಟ್ಟುಕೊಳ್ಳುವುದು ಉತ್ತಮ.

ಅಮೆರಿಕದಲ್ಲಿ: ಕಾರ್ಡ್ ಇರುವವರೆಗೂ ನಿವಾಸಿ

ಗ್ರೀನ್ ಕಾರ್ಡ್ ಪಡೆದವರು ಅಮೆರಿಕದ ತೆರಿಗೆ ಕಾನೂನಿನಲ್ಲಿ ನಿವಾಸಿಗಳು. ಖಾಯಂ ನಿವಾಸಿಯಾಗಿ ಆ ನೆಲದ ಮೇಲೆ ಕಾಲಿಟ್ಟ ಮೊದಲ ದಿನದಿಂದ ಈ ಸ್ಥಾನ ಆರಂಭವಾಗುತ್ತದೆ. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಕೊಡುವ ಎರಡು ವರ್ಷಗಳ ಷರತ್ತುಬದ್ಧ ಕಾರ್ಡಿಗೂ ಇದೇ ನಿಯಮ. ನಿವಾಸಿಯ ಆದಾಯ ಪ್ರಪಂಚದ ಯಾವ ಮೂಲೆಯಲ್ಲಿ ಹುಟ್ಟಿದರೂ ಅಲ್ಲಿನ ಫಾರಂ 1040ರಲ್ಲಿ ಬರಬೇಕು. ಅಲ್ಲಿ ತೆರಿಗೆ ವರ್ಷವು ಜನವರಿಯಿಂದ ಡಿಸೆಂಬರ್‌ವರೆಗೆ. ರಿಟರ್ನ್‌ಗೆ ಕೊನೆಯ ದಿನ ಮುಂದಿನ ಏಪ್ರಿಲ್ 15. ಆ ದಿನ ವಿದೇಶದಲ್ಲಿ ವಾಸವಿದ್ದು ದುಡಿಯುವ ಮುಖ್ಯ ಸ್ಥಳವೂ ವಿದೇಶದಲ್ಲಿಯೇ ಇರುವವರಿಗೆ ಜೂನ್ 15ರವರೆಗೆ, ಅರ್ಜಿ ಸಲ್ಲಿಸಿದವರಿಗೆ ಅಕ್ಟೋಬರ್ 15ರವರೆಗೆ ಕಾಲಾವಕಾಶವಿದೆ. ಎರಡು ದೇಶಗಳ ವರ್ಷಗಳು ಹೊಂದದ ಕಾರಣ ಟಿ.ಡಿ.ಎಸ್. ಪ್ರಮಾಣಪತ್ರದ ಮೊತ್ತಗಳನ್ನು ತಿಂಗಳುವಾರು ಬಿಡಿಸಿ ಬರೆದಿಟ್ಟುಕೊಳ್ಳಬೇಕಾಗುತ್ತದೆ.

ಭಾರತದಲ್ಲಿ ವಿನಾಯಿತಿ ಇದೆಯೆಂದು ಅಲ್ಲಿಯೂ ಇರುವುದಿಲ್ಲ. ಗುಬ್ಬಿಯ ತೆಂಗು, ಅಡಿಕೆ ತೋಟದ ಆದಾಯವು ಕೃಷಿ ಆದಾಯವಾದ್ದರಿಂದ ಇಲ್ಲಿ ತೆರಿಗೆ ಇಲ್ಲ. ಗ್ರೀನ್ ಕಾರ್ಡ್ ಹೊಂದಿದ ಮಗಳ ಪಾಲಿಗೆ ಬಂದ ಕೊಬ್ಬರಿಯ ಹಣವು ಅಮೆರಿಕದಲ್ಲಿ ತೆರಿಗೆಗೆ ಒಳಪಡುತ್ತದೆ. ಇಲ್ಲಿ ತೆರಿಗೆ ಕಟ್ಟಿಲ್ಲದ ಕಾರಣ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಎನ್‌.ಆರ್‌.ಇ. ಬಡ್ಡಿ, ಪಿ.ಪಿ.ಎಫ್. ಬಡ್ಡಿಗಳಿಗೂ ಇದೇ ಗತಿ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕು ದೊರೆತ ಮೇಲೆ, ಮದುವೆಯಾಗಿ ಸಾಗರದಾಚೆ ಹೋದ ಮಗಳ ಹೆಸರು ಪಹಣಿಯಲ್ಲಿ ಇರುವುದು ಅಪರೂಪವಲ್ಲ. ಹೆಸರು ಪಹಣಿಯಲ್ಲಿದ್ದು ಹಣ ಪೂರ್ತಿಯಾಗಿ ಅಣ್ಣನೇ ಉಪಯೋಗಿಸಿಕೊಳ್ಳುತ್ತಿದ್ದರೆ, ಅದು ವಾಸ್ತವವಾಗಿ ಯಾರ ಆದಾಯವೆಂಬುದನ್ನು ಕುಟುಂಬದೊಳಗೆ ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಅನಿವಾಸಿಯು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ಉತ್ತರಾಧಿಕಾರದಿಂದ ಬಂದುದನ್ನು ಇಟ್ಟುಕೊಳ್ಳಬಹುದು.

ಕೆಲಸವಿಲ್ಲದ ಪತ್ನಿಗೆ ರಿಟರ್ನ್ ಬೇಡವೆಂಬ ಮಾತು ಅರ್ಧ ಸತ್ಯ. ದಂಪತಿಗಳು ಜಂಟಿಯಾಗಿ ಸಲ್ಲಿಸುವಾಗ 2025ರ ವರ್ಷಕ್ಕೆ ಇಬ್ಬರ ಒಟ್ಟು ಆದಾಯ 31,500 ಡಾಲರ್ ಮುಟ್ಟಿದರೆ ರಿಟರ್ನ್ ಕಡ್ಡಾಯ. ವಿವಾಹಿತರು ಪ್ರತ್ಯೇಕವಾಗಿ ಸಲ್ಲಿಸುವುದಾದರೆ ಈ ಮಿತಿ ಕೇವಲ 5 ಡಾಲರ್. ಮುದ್ರಣದೋಷವಲ್ಲ, ಐದೇ ಡಾಲರ್. ಮರಳೂರಿನ ಒಂದು ದಿನದ ಬಾಡಿಗೆಯೇ ಅದನ್ನು ದಾಟುತ್ತದೆ.

ಮೊದಲ ವರ್ಷದಲ್ಲಿ ಒಂದು ಆಯ್ಕೆ ಇದೆ. ವರ್ಷದ ಮಧ್ಯೆ ಬಂದವರು ಸಾಮಾನ್ಯವಾಗಿ ಒಂದು ಭಾಗಕ್ಕೆ ಅನಿವಾಸಿ, ಉಳಿದ ಭಾಗಕ್ಕೆ ನಿವಾಸಿ. ಹಾಗಿರುವಾಗ ಜಂಟಿ ರಿಟರ್ನ್ ಸಲ್ಲದು. ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಿ ಇಡೀ ವರ್ಷಕ್ಕೆ ನಿವಾಸಿಯಾಗಿ ಪರಿಗಣಿಸುವಂತೆ ಕೋರಿದರೆ ಜಂಟಿ ರಿಟರ್ನ್ ಸಾಧ್ಯವಾಗುತ್ತದೆ. ಹೆಚ್ಚಿನವರಿಗೆ ಇದು ಲಾಭಕರ. ಆದರೆ ಹಾಗೆ ಮಾಡಿದಾಗ ಜನವರಿ 1ರಿಂದ ತುಮಕೂರಿನಲ್ಲಿ ಗಳಿಸಿದ ಸಂಬಳ, ಬಾಡಿಗೆ ಎಲ್ಲವೂ ಆ ರಿಟರ್ನ್‌ಗೆ ಸೇರುತ್ತವೆ.

ಜಂಟಿ ರಿಟರ್ನ್‌ನ ಸಹಿ

ಜಂಟಿ ರಿಟರ್ನ್‌ನಲ್ಲಿ ತೆರಿಗೆ ಕಡಿಮೆಯಾಗುತ್ತದೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಅದಕ್ಕೆ ಸಹಿ ಮಾಡಿದ ಇಬ್ಬರೂ ಪೂರ್ತಿ ತೆರಿಗೆಗೆ, ಬಡ್ಡಿಗೆ, ದಂಡಕ್ಕೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆಗಾರರೆಂಬುದು ಅಷ್ಟಾಗಿ ತಿಳಿದಿಲ್ಲ. ಪತಿ ಮುಚ್ಚಿಟ್ಟ ಆದಾಯದ ಬಾಕಿಯನ್ನು ಪತ್ನಿಯಿಂದ, ವಿಚ್ಛೇದನದ ನಂತರವೂ, ವಸೂಲು ಮಾಡಬಹುದು. ವಿದ್ಯುನ್ಮಾನ ಸಲ್ಲಿಕೆಯಲ್ಲಿ ಸಹಿ ಎಂದರೆ ಐದಂಕಿಯ ಒಂದು ಪಿನ್ ಮಾತ್ರ; ಅದನ್ನು ಪತಿಯೋ ಲೆಕ್ಕಿಗರೋ ತಾವೇ ತುಂಬಿ ಕಳುಹಿಸುವ ರೂಢಿ ಇದೆ. ಇದು ಸಲ್ಲದು. ಪತ್ನಿಯು ರಿಟರ್ನ್‌ನ ಎಲ್ಲಾ ಪುಟಗಳನ್ನು ನೋಡಿ ನಂತರವೇ ಪಿನ್ ಕೊಡತಕ್ಕದ್ದು. ಓದಲು ಕೊಡದಿದ್ದಲ್ಲಿ ಪ್ರತ್ಯೇಕವಾಗಿ ಸಲ್ಲಿಸುವ ಹಕ್ಕು ಆಕೆಗಿದೆ. ತೆರಿಗೆ ಸ್ವಲ್ಪ ಹೆಚ್ಚಾದರೂ ಹೊಣೆ ತನ್ನ ಆದಾಯಕ್ಕೆ ಮಾತ್ರ ಸೀಮಿತವಾಗುತ್ತದೆ. ಈಗಾಗಲೇ ತಿಳಿಯದೆ ಸಹಿ ಮಾಡಿದವರು ಫಾರಂ 8857ರ ಮೂಲಕ ಹೊಣೆಯಿಂದ ಬಿಡುಗಡೆ ಕೋರಬಹುದು. ಸಲ್ಲಿಸಿದ ಜಂಟಿ ರಿಟರ್ನ್‌ಗಳ ಸಾರಾಂಶ ಪ್ರತಿಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಅಮೆರಿಕದ ತೆರಿಗೆ ಇಲಾಖೆಯಿಂದ ಶುಲ್ಕವಿಲ್ಲದೆ ನೇರವಾಗಿ ತರಿಸಿಕೊಳ್ಳಬಹುದು. ಇದಕ್ಕೆ ಸಂಗಾತಿಯ ಒಪ್ಪಿಗೆ ಬೇಕಿಲ್ಲ.

ಈ ಪ್ರತಿಗಳಿಗೆ ತೆರಿಗೆಯಾಚೆಗೂ ಬೆಲೆ ಇದೆ. ಷರತ್ತುಬದ್ಧ ಕಾರ್ಡಿನ ಷರತ್ತನ್ನು ತೆಗೆಸಲು ಅವಧಿ ಮುಗಿಯುವ ಹಿಂದಿನ 90 ದಿನಗಳಲ್ಲಿ ಸಲ್ಲಿಸುವ ಐ–751 ಅರ್ಜಿಯಲ್ಲಿ ದಾಂಪತ್ಯವು ನಿಜವಾದುದೆಂಬುದಕ್ಕೆ ಜಂಟಿ ರಿಟರ್ನ್ ಮುಖ್ಯ ಆಧಾರ. ಮುಂದೆ ಪೌರತ್ವದ ಅರ್ಜಿಯಲ್ಲಿಯೂ ತೆರಿಗೆಯ ಪ್ರಶ್ನೆಗಳಿರುತ್ತವೆ. ಗ್ರೀನ್ ಕಾರ್ಡ್ ಇದ್ದೂ ಅನಿವಾಸಿಯೆಂದು ರಿಟರ್ನ್ ಸಲ್ಲಿಸಿದರೆ ಖಾಯಂ ನಿವಾಸವನ್ನು ಕೈಬಿಟ್ಟಂತೆ ವಲಸೆ ಇಲಾಖೆಯು ಪರಿಗಣಿಸುವ ಸಂಭವವಿದೆ.

ಇದರಿಂದಾಗಿಯೇ, ತಂದೆ ತಾಯಿಯ ಆರೈಕೆಗೆಂದು ವರ್ಷಕ್ಕೂ ಹೆಚ್ಚು ಕಾಲ ಕುಣಿಗಲ್‌ನಲ್ಲಿ ಉಳಿದವರು ಎಚ್ಚರ ವಹಿಸಬೇಕು. ದಿನಗಳ ಲೆಕ್ಕದಿಂದ ಅವರು ಭಾರತದ ನಿವಾಸಿ. ಕಾರ್ಡಿನ ಲೆಕ್ಕದಿಂದ ಅಮೆರಿಕದ ನಿವಾಸಿ. ಕಾರ್ಡಿನ ಮೇಲೆ ಮುದ್ರಿತವಾದ ಅವಧಿ ಮುಗಿದ ಮಾತ್ರಕ್ಕೆ ತೆರಿಗೆ ಹೊಣೆ ಮುಗಿಯುವುದಿಲ್ಲ. ಐ–407 ಪತ್ರದ ಮೂಲಕ ಕಾರ್ಡನ್ನು ಒಪ್ಪಿಸಿದಾಗ ಅಥವಾ ಅಧಿಕಾರಿಗಳು, ನ್ಯಾಯಾಲಯ ರದ್ದುಪಡಿಸಿದಾಗ ಮಾತ್ರ ಅದು ಕೊನೆಗೊಳ್ಳುವುದು ಸಾಮಾನ್ಯ ನಿಯಮ. ಕಳೆದ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಹೊಂದಿದ್ದವರು ಒಪ್ಪಿಸುವಾಗ ಫಾರಂ 8854ನ್ನೂ ಸಲ್ಲಿಸಬೇಕು.

ತಂದೆಯ ಠೇವಣಿಯಲ್ಲಿ ಮಗಳ ಹೆಸರು

ನಿವೃತ್ತಿಯ ಹಣವನ್ನು ಮಗಳೊಡನೆ ಜಂಟಿ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಪಡೆಯುವಂತೆ ಇಡುವುದು ನಮ್ಮಲ್ಲಿ ಮಮತೆಯ ಹಾಗೂ ಮುಂಜಾಗ್ರತೆಯ ಕ್ರಮ. ಅಮೆರಿಕದಲ್ಲಿ ಅದು ವರದಿ ಮಾಡಬೇಕಾದ ಖಾತೆ. ಅಲ್ಲಿನ ನಿವಾಸಿಯು ಒಡೆತನ ಅಥವಾ ಸಹಿಯ ಅಧಿಕಾರ ಹೊಂದಿದ ವಿದೇಶಿ ಖಾತೆಗಳ ಒಟ್ಟು ಮೊತ್ತವು ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಎಫ್‌.ಬಿ.ಎ.ಆರ್. ಎಂಬ ವರದಿಯನ್ನು ಸಲ್ಲಿಸಬೇಕು. ಡಾಲರಿಗೆ 90 ರೂಪಾಯಿಯಂತೆ ಇದು 9 ಲಕ್ಷ ರೂಪಾಯಿ. ಜಂಟಿ ಖಾತೆಯಾದರೆ ಅರ್ಧವಲ್ಲ, ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದೆ. ಇದರಿಂದ ತೆರಿಗೆ ಬೀಳುವುದಿಲ್ಲ. ಇದು ಮಾಹಿತಿ ಮಾತ್ರ. ಆದರೆ ಸಲ್ಲಿಸದಿದ್ದರೆ, ಉದ್ದೇಶಪೂರ್ವಕವಲ್ಲದಿದ್ದರೂ, ದಂಡವು ವರ್ಷಕ್ಕೆ 10,000 ಡಾಲರ್ ದಾಟಬಹುದು. ದಂಡವು ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಬಿಟ್ನರ್ ಪ್ರಕರಣದಲ್ಲಿ ತೀರ್ಪಿತ್ತ ನಂತರ ಭಾರ ಸ್ವಲ್ಪ ತಗ್ಗಿದೆ.

ಮೊತ್ತ ಇನ್ನೂ ದೊಡ್ಡದಾದರೆ ಫಾರಂ 8938 ಬೇಕಾಗುತ್ತದೆ. ಅಮೆರಿಕದಲ್ಲಿ ವಾಸಿಸುವ ದಂಪತಿಗಳ ಜಂಟಿ ರಿಟರ್ನ್‌ಗೆ ಇದರ ಮಿತಿ ವರ್ಷಾಂತ್ಯಕ್ಕೆ 1,00,000 ಡಾಲರ್ ಅಥವಾ ವರ್ಷದ ನಡುವೆ 1,50,000 ಡಾಲರ್. ಸ್ವಂತ ಹೆಸರಿನ ಮನೆ, ತೋಟ, ಬೀರುವಿನಲ್ಲಿರುವ ಒಡವೆ ಇದರಲ್ಲಿ ಬರುವುದಿಲ್ಲ. ಮ್ಯೂಚುವಲ್ ಫಂಡ್‌ಗಳು ಬರುತ್ತವೆ. ಭಾರತದ ಮ್ಯೂಚುವಲ್ ಫಂಡ್‌ಗಳಿಗೆ ಅಲ್ಲಿ ಬಹಳ ಕಠಿಣವಾದ ಬೇರೆ ತೆರಿಗೆ ಕ್ರಮವೂ ಇರುವುದರಿಂದ, ತಿಂಗಳ ಕಂತಿನಲ್ಲಿ ಹೂಡುತ್ತಿದ್ದವರು ಹೊರಡುವ ಮೊದಲೇ ತಜ್ಞರನ್ನು ವಿಚಾರಿಸುವುದು ಲೇಸು. ಭಾರತದ ಬ್ಯಾಂಕುಗಳಲ್ಲಿನ ಖಾತೆ ಅಮೆರಿಕಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳುವವರಿದ್ದಾರೆ. 2015ರ ಜುಲೈ 9ರಂದು ಎರಡು ಸರ್ಕಾರಗಳು ಸಹಿ ಮಾಡಿದ ಒಪ್ಪಂದದಂತೆ ಬ್ಯಾಂಕುಗಳೇ ಇಂತಹ ಖಾತೆಗಳ ವಿವರವನ್ನು ವರದಿ ಮಾಡುತ್ತವೆ.

ತಂದೆ ತಾಯಿ ಕೊಡುವ ಉಡುಗೊರೆಯ ಹಣಕ್ಕೆ ಎರಡೂ ಕಡೆ ಮಗಳಿಗೆ ತೆರಿಗೆ ಇಲ್ಲ. ಅನಿವಾಸಿ ವಿದೇಶಿಯರಿಂದ ವರ್ಷದಲ್ಲಿ 1,00,000 ಡಾಲರ್ ಮೀರಿ ಬಂದರೆ ಫಾರಂ 3520ರಲ್ಲಿ ತಿಳಿಸಬೇಕು. ಇನ್ನೊಂದು ಮಾತು ಪೋಷಕರಿಗೆ ಸಂಬಂಧಿಸಿದ್ದು. ಮಗಳ ಬಾಣಂತನಕ್ಕೆಂದು ಹೋಗುವ ತಂದೆ ತಾಯಿ ತಮ್ಮ ಹಣದಿಂದಲೇ ವರ್ಷದಲ್ಲಿ 2 ಲಕ್ಷ ರೂಪಾಯಿಗೂ ಹೆಚ್ಚನ್ನು ವಿದೇಶ ಪ್ರಯಾಣಕ್ಕೆ ವೆಚ್ಚ ಮಾಡಿದರೆ, ಆದಾಯ ಮಿತಿಯೊಳಗಿದ್ದರೂ ಭಾರತದಲ್ಲಿ ರಿಟರ್ನ್ ಸಲ್ಲಿಸಬೇಕು.

ನಿವೇಶನ ಮಾರುವಾಗ

ಅನಿವಾಸಿಯು ನಿವೇಶನ ಅಥವಾ ಮನೆ ಮಾರಿದರೆ ಕೊಳ್ಳುವವರು ತೆರಿಗೆ ಕಡಿತ ಮಾಡತಕ್ಕದ್ದು. ನಿವಾಸಿಗಳು ಮಾರುವಾಗ 50 ಲಕ್ಷ ರೂಪಾಯಿ ಮೇಲ್ಪಟ್ಟ ವ್ಯವಹಾರಕ್ಕೆ ಇರುವ ಶೇ. 1ರ ಕಡಿತ ಇಲ್ಲಿ ಅನ್ವಯಿಸುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ ಆಸ್ತಿಗೆ 2024ರ ಜುಲೈ 23ರಿಂದ ತೆರಿಗೆ ದರ ಶೇ. 12.5, ಉಪಕರ ಸೇರಿ ಶೇ. 13. ನಿವಾಸಿಗಳಿಗೆ ಹಳೆಯ ಆಸ್ತಿಗಳ ವಿಷಯದಲ್ಲಿ ಉಳಿಸಿಕೊಟ್ಟಿರುವ ಬೆಲೆ ಸೂಚ್ಯಂಕದ ಆಯ್ಕೆ ಅನಿವಾಸಿಗಳಿಗಿಲ್ಲ.

30 ಲಕ್ಷಕ್ಕೆ ಕೊಂಡ ಮರಳೂರಿನ ನಿವೇಶನವನ್ನು 40 ಲಕ್ಷಕ್ಕೆ ಮಾರಿದರೆ ಲಾಭ 10 ಲಕ್ಷ. ನಿಜವಾದ ತೆರಿಗೆ 1,30,000 ರೂಪಾಯಿ. ಆದರೆ ವಾಡಿಕೆಯಲ್ಲಿ ಕೊಳ್ಳುವವರು ಪೂರ್ತಿ ಬೆಲೆಯ ಮೇಲೆ, ಅಂದರೆ 5,20,000 ರೂಪಾಯಿ ಹಿಡಿಯುತ್ತಾರೆ. ಲಾಭವನ್ನು ಅವರು ನಿರ್ಧರಿಸುವಂತಿಲ್ಲ. ಮಾರುವವರು ಕ್ರಯಪತ್ರಕ್ಕೆ ಮುನ್ನವೇ ಬೆಂಗಳೂರಿನ ಅಂತರರಾಷ್ಟ್ರೀಯ ತೆರಿಗೆ ಅಧಿಕಾರಿಗಳಿಂದ ಕಡಿಮೆ ಕಡಿತದ ಪ್ರಮಾಣಪತ್ರವನ್ನು ಜಾಲತಾಣದ ಮೂಲಕ ಪಡೆದಲ್ಲಿ ಉಳಿದ 3,90,000 ರೂಪಾಯಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಅರ್ಜಿಗೆ ಕೆಲವು ವಾರಗಳು ಬೇಕಾಗುವುದರಿಂದ, ಊರಿಗೆ ಬಂದ ಹದಿನೈದು ದಿನದ ರಜೆಯಲ್ಲಿ ಮಾರಾಟ ಮುಗಿಸುವ ಯೋಜನೆ ಹಾಕಿಕೊಂಡವರು ಹೊರಡುವ ಮೊದಲೇ ಅರ್ಜಿ ಸಲ್ಲಿಸಬೇಕು. ಮಾರಿದ ಹಣವನ್ನು ಎನ್‌.ಆರ್‌.ಓ. ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ತೆರಿಗೆ ಪಾವತಿಯ ದಾಖಲೆಗಳನ್ನು ಬ್ಯಾಂಕು ಕೇಳುತ್ತದೆ.

ಬೇರೆ ದೇಶಗಳಲ್ಲಿ ಹಾಗೂ ಮರಳಿ ಬಂದಾಗ

ಮೇಲ್ಕಂಡ ವಿವರಗಳನ್ನು ಇತರ ದೇಶಗಳಿಗೆ ಹಾಗೆಯೇ ಅನ್ವಯಿಸಬಾರದು. ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಜಂಟಿ ರಿಟರ್ನ್ ಇಲ್ಲ. ಅಲ್ಲಿ ಖಾಯಂ ನಿವಾಸಿ ಹಕ್ಕಿಗಿಂತ ವಾಸ್ತವವಾಗಿ ನೆಲೆಸಿರುವುದೇ ಮುಖ್ಯ. ಕೆನಡಾದಲ್ಲಿ ರಿಟರ್ನ್‌ಗೆ ಕೊನೆಯ ದಿನ ಸಾಮಾನ್ಯವಾಗಿ ಏಪ್ರಿಲ್ 30. ಆಸ್ಟ್ರೇಲಿಯಾದ ತೆರಿಗೆ ವರ್ಷ ಜೂನ್ 30ಕ್ಕೆ ಮುಗಿದು, ಸ್ವತಃ ಸಲ್ಲಿಸುವವರಿಗೆ ಅಕ್ಟೋಬರ್ 31ರವರೆಗೆ ಅವಕಾಶವಿದೆ.

ವಿದೇಶದಲ್ಲಿ ಮದುವೆಯಾಗಿ ಪತ್ನಿ ಅಥವಾ ಪತಿಯನ್ನು ತುಮಕೂರಿಗೆ ಕರೆತಂದವರ ವಿಷಯದಲ್ಲಿ ದಿನಗಳ ಲೆಕ್ಕವೇ ಮತ್ತೆ ಆಧಾರ. ಭಾರತೀಯರ ವಿದೇಶಿ ಪತ್ನಿ ಅಥವಾ ಪತಿಗೆ, ನೋಂದಣಿಯಾದ ವಿವಾಹವು ಎರಡು ವರ್ಷ ಮುಂದುವರಿದ ನಂತರ, ಸಾಗರೋತ್ತರ ಭಾರತೀಯ ಪೌರ ಕಾರ್ಡ್ ದೊರೆಯಬಹುದು. ಆ ಕಾರ್ಡಿನಿಂದ ತೆರಿಗೆ ಬರುವುದೂ ಇಲ್ಲ, ತಪ್ಪುವುದೂ ಇಲ್ಲ. ಹೊಸದಾಗಿ ನೆಲೆಸಿದವರು ಮತ್ತು ದೀರ್ಘಕಾಲದ ನಂತರ ಮರಳಿದವರು ಮೊದಲ ಕೆಲವು ವರ್ಷ ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎಂಬ ವರ್ಗದಲ್ಲಿರುತ್ತಾರೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿದ್ದುದು 729 ದಿನ ಮೀರದಿದ್ದರೆ ಈ ವರ್ಗ ಅನ್ವಯಿಸುತ್ತದೆ; ಆ ಅವಧಿಯಲ್ಲಿ ಅವರ ವಿದೇಶಿ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಆ ಅವಧಿ ಮುಗಿದ ವರ್ಷದಿಂದ ಅಮೆರಿಕದ ಬ್ಯಾಂಕ್ ಖಾತೆ, ನಿವೃತ್ತಿ ನಿಧಿ ಎಲ್ಲವನ್ನೂ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ತೋರಿಸಬೇಕು. ತೋರಿಸದಿದ್ದಲ್ಲಿ 2015ರ ಕಪ್ಪು ಹಣ ಕಾಯ್ದೆಯಂತೆ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿಯನ್ನು ಬಿಟ್ಟು ಉಳಿದ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರದವರಿಗೆ 2024ರ ಅಕ್ಟೋಬರ್ 1ರಿಂದ ಈ ದಂಡದಿಂದ ವಿನಾಯಿತಿ ನೀಡಲಾಗಿದೆ.